ಅಪ್‌ಡೇಟ್: ಗುಡೌರಿಗೆ ಹೋಗಿ ಬಂದ್ವಿ, ಗಾಡಿ ಹೂತಿದ್ದೂ ಆಯ್ತು

ಹೋದ ತಿಂಗಳು ಕೇಳಿದ್ದೆನಲ್ಲ, ದುಬೈಯಿಂದ ಜಾರ್ಜಿಯಾಕ್ಕೆ ಹೋಗ್ತಿದ್ದೀವಿ, ಅಲ್ಲಿನ ಹಿಮದ ಬೆಟ್ಟದೂರು ಗುಡೌರಿಯಲ್ಲಿ ಗೈಡ್ ಜೊತೆ ಒಂದು ದಿನ ಸ್ನೋಮೊಬೈಲ್ (ಹಿಮದ ಮೇಲೆ ಓಡೋ ಗಾಡಿ) ಓಡಿಸೋದು ಹೊಸಬರ ಕೈಲಿ ಆಗುತ್ತಾ, ಮಾಂಸ ತಿನ್ನದ ಅಮ್ಮನಿಗೆ ಊಟಕ್ಕೇನು ಅಂತ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಗುಡೌರಿ ರಾಜಧಾನಿ ಟಿಬಿಲಿಸಿಯಿಂದ ಸುಮಾರು 120 ಕಿ.ಮೀ., ಎತ್ತರ 2,200 ಮೀಟರ್ ಆಸುಪಾಸು. ಸ್ನೋಮೊಬೈಲ್ ಓಡಿಸೋದು ಸ್ಕೂಟರ್ ಥರ ಇರುತ್ತೆ ಅಂದುಕೊಂಡಿದ್ದೆ, ಅಲ್ಲ. ಆಕ್ಸಿಲರೇಟರ್ ತಿರುಚೋ ಹಾಗಿಲ್ಲ, ಬಲಗೈ ಹೆಬ್ಬೆರಳಲ್ಲಿ ಒತ್ತಬೇಕು. ಹ್ಯಾಂಡಲ್ ಬೆಚ್ಚಗಿದ್ದರೂ ಅರ್ಧ ಗಂಟೆಗೆ ಆ ಬೆರಳು ಜೋಮು ಹಿಡೀತು. ಗೈಡ್ ಹೇಳಿದ್ದು ಒಂದೇ ಮಾತು: ನನ್ನ ಜಾಡು ಬಿಡಬೇಡ. ನಾನು ಫೋಟೋ ಆಸೆಗೆ ಎರಡು ಮಾರು ಪಕ್ಕಕ್ಕೆ ಹೋದೆ, ಮೆತ್ತನೆ ಹಿಮದಲ್ಲಿ ಗಾಡಿ ಸೀಟಿನವರೆಗೆ ಹೂತುಹೋಯ್ತು. ಗದ್ದೆ ಕೆಸರಿಗೆ ಸಿಕ್ಕ ಟ್ರ್ಯಾಕ್ಟರ್ ಹಾಗೆ, ರೇಸ್ ಕೊಟ್ಟಷ್ಟೂ ಕೆಳಗೆ. ಮೂರು ಜನ ಸುತ್ತ ಹಿಮ ತುಳಿದು ಗಟ್ಟಿ ಮಾಡಿ ಎಳೆದರು. ಅಮ್ಮ ಗೈಡ್ ಹಿಂದೆ ಕೂತಿದ್ದರು. "ನಿನ್ನ ಹಿಂದೆ ಕೂರದೇ ಇದ್ದಿದ್ದು ಒಳ್ಳೇದಾಯ್ತು" ಅಂತ ಮೂರು ಸಲ ಹೇಳಿದರು.

ಊಟ ಮಾತ್ರ ಭರ್ಜರಿ. ಖಿಂಕಾಲಿ (ಒಳಗೆ ಹೂರಣ ತುಂಬಿದ ಅಲ್ಲಿನ ಕಡುಬು) ನೋಡಿ ಅಮ್ಮ, "ಮೋದಕ ಅಲ್ವೇನೋ ಇದು?" ಅಂದರು. ಮಾಂಸದ್ದೇ ಜಾಸ್ತಿ, ಅಣಬೆಯದ್ದು ಬೇಕು ಅಂತ ಕೇಳಿ ತಗೊಳ್ಳಿ. ಜುಟ್ಟು ಹಿಡಿದು, ಒಂದು ಪಕ್ಕ ಕಚ್ಚಿ, ಮೊದಲು ರಸ ಹೀರಬೇಕು. ಜುಟ್ಟನ್ನು ತಟ್ಟೆಯಲ್ಲೇ ಬಿಡ್ತಾರೆ. ಅಮ್ಮನಿಗೆ ಹಿಡಿಸಿದ್ದು ಲೋಬಿಯೊ: ಮಣ್ಣಿನ ಕುಡಿಕೆಯಲ್ಲಿ ಕುದಿಯುತ್ತಲೇ ಬಂದ ರಾಜ್ಮಾ, ಕೊತ್ತಂಬರಿ ಘಮ, ಜೊತೆಗೆ ಮೆಕ್ಕೆಜೋಳದ ದಪ್ಪ ರೊಟ್ಟಿ. ಬ್ಯಾಗಲ್ಲಿದ್ದ ಮಾವಿನಮಿಡಿ ಡಬ್ಬಿ ತೆಗೆದೇ ಬಿಟ್ಟರು. ಗೈಡ್‌ಗೂ ಒಂದು ಮಿಡಿ ಹೋಯ್ತು.