ಸಹಾಯ ಬೇಕು: ಎಂಆರ್‌ಐನಲ್ಲಿ ಟ್ಯಾಂಡಮ್ ತುದಿ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಗರ್ಭಕೊರಳಿನ ಕ್ಯಾನ್ಸರ್‌ನ ಬ್ರೇಕಿಥೆರಪಿಗೆ (ವಿಕಿರಣ ಮೂಲವನ್ನು ದೇಹದೊಳಗೆ ಗಡ್ಡೆಯ ಹತ್ತಿರವೇ ಇಟ್ಟು ಕೊಡುವ ಚಿಕಿತ್ಸೆ) ಇಷ್ಟು ದಿನ ಸಿಟಿ ಮೇಲೆ ಪ್ಲಾನ್ ಮಾಡುತ್ತಿದ್ದೆವು, ಈಗ ಎಂಆರ್‌ಐಗೆ ಬದಲಾಗುತ್ತಿದ್ದೇವೆ. ಟಿ2 ಅನ್ನೋ ಬಗೆಯ ಎಂಆರ್‌ಐ ಚಿತ್ರದಲ್ಲಿ ಗಡ್ಡೆಯೇನೋ ಚೆನ್ನಾಗಿ ಕಾಣುತ್ತೆ. ತೊಂದರೆ ಅಪ್ಲಿಕೇಟರ್‌ದು, ಅಂದರೆ ವಿಕಿರಣ ಮೂಲ ಹಾಯಿಸಲು ಒಳಗೆ ಇಡುವ ಸಾಧನದ್ದು.

ನಮ್ಮದು ಟೈಟಾನಿಯಂ ಟ್ಯಾಂಡಮ್-ರಿಂಗ್: ಗರ್ಭಕೋಶದೊಳಗೆ ಹೋಗುವ ಕೊಳವೆ (ಟ್ಯಾಂಡಮ್), ಗರ್ಭಕೊರಳಿಗೆ ತಾಗಿ ಕೂರುವ ಉಂಗುರ. 1.5 ಟೆಸ್ಲಾದಲ್ಲೇ (ಯಂತ್ರದ ಕಾಂತಕ್ಷೇತ್ರದ ಬಲ) ಟ್ಯಾಂಡಮ್ ತುದಿಯ ಸುತ್ತ ಲೋಹದಿಂದಾಗಿ ಕಪ್ಪು ಗುಳ್ಳೆ ಬರುತ್ತಿದೆ, ಅದರೊಳಗೆ ನಿಜವಾದ ತುದಿ ಎಲ್ಲಿದೆ ಅಂತ ಗುರುತು ಹಾಕೋದೇ ಕಷ್ಟ. ಇರಿಡಿಯಂ-192 (ವಿಕಿರಣ ಮೂಲ) ಹತ್ತಿರ ಡೋಸ್ ಎಷ್ಟು ಕಡಿದಾಗಿ ಇಳಿಯುತ್ತೆ ಅಂತ ನಿಮಗೆ ಹೇಳಬೇಕಿಲ್ಲ, 2-3 ಮಿ.ಮೀ. ಆಚೀಚೆ ಆದರೂ ಮೂತ್ರಕೋಶ, ಗುದನಾಳದ ಲೆಕ್ಕವೆಲ್ಲ ಏರುಪೇರು. ಬ್ಯಾಂಡ್‌ವಿಡ್ತ್ (ಎಂಆರ್‌ಐ ಸಿಗ್ನಲ್ ಓದುವ ಆವರ್ತನಗಳ ವ್ಯಾಪ್ತಿ) ಹೆಚ್ಚಿಸಿದೆ. ಗುಳ್ಳೆ ಕುಗ್ಗಿತು, ಚಿತ್ರ ರವೆ ಚೆಲ್ಲಿದ ಹಾಗಾಯಿತು. ರೇಡಿಯಾಲಜಿಯವರು 3 ಟೆಸ್ಲಾಗೆ ಬನ್ನಿ ಅಂತಾರೆ, ಅಲ್ಲಿ ಲೋಹದ ಕಲೆ ಇನ್ನೂ ದೊಡ್ಡದಾಗುತ್ತಲ್ಲ!

ಅಗರ್ ಜೆಲ್‌ನಲ್ಲಿ ಅಪ್ಲಿಕೇಟರ್ ನಿಲ್ಲಿಸಿ, ಸಿಟಿ ಮತ್ತು ಎಂಆರ್‌ಐ ಎರಡೂ ತೆಗೆದು ತುದಿಯ ವ್ಯತ್ಯಾಸ ಅಳೆಯೋಣ ಅಂತಿದ್ದೇನೆ. ಯಾರಾದರೂ ಹೀಗೆ ಮಾಡಿದ್ದೀರಾ? ಜೆಲ್‌ನಲ್ಲಿ ಗಾಳಿಗುಳ್ಳೆ ನಿಲ್ಲದಂತೆ ಹೇಗೆ ಎರಕ ಹೊಯ್ದಿರಿ? ಫ್ರೀಕ್ವೆನ್ಸಿ ಎನ್‌ಕೋಡಿಂಗ್ ದಿಕ್ಕು (ಲೋಹದಿಂದ ಚಿತ್ರ ಸರಿಯೋದು ಈ ದಿಕ್ಕಿನಲ್ಲಿ) ತಿರುಗಿಸಿ ಎರಡು ಸಲ ತೆಗೆಯಬೇಕಾ? ಎಂಆರ್‌ಐನಲ್ಲಿ ಕೊಳವೆ ಗುರುತಿಸಲು ಒಳಗೆ ಇಡುವ ತಾಮ್ರದ ಸಲ್ಫೇಟ್ ತುಂಬಿದ ಮಾರ್ಕರ್ ಟೈಟಾನಿಯಂ ಒಳಗೆ ಕಾಣೋದಿಲ್ಲ, ಆ ಸಲಹೆ ಬೇಡ.

ಪ್ಲಾಸ್ಟಿಕ್ ಅಪ್ಲಿಕೇಟರ್ ಕೊಳ್ಳಿ ಅಂತಲೂ ದಯವಿಟ್ಟು ಹೇಳಬೇಡಿ, ಈ ವರ್ಷ ದುಡ್ಡಿಲ್ಲ. ನಿಮ್ಮ ಎಂಆರ್‌ಐ ಸೀಕ್ವೆನ್ಸ್ (ಚಿತ್ರ ತೆಗೆಯುವ ವಿಧಾನ) ಸೆಟ್ಟಿಂಗ್ ಹಂಚಿಕೊಂಡರೆ ದೊಡ್ಡ ಉಪಕಾರ.