ತಂದೆಗೆ ಬೆನ್ನುಹುರಿ ಪೆಟ್ಟು, ಆರೈಕೆಗೆ 9ನೇ ತರಗತಿಯ ಮಗಳು: ಹೊರೆ ಇಳಿಸುವುದು ಹೇಗೆ?

ಶಿಕ್ಷಕಿ, ಉತ್ತರ ಕನ್ನಡ:
ನಮ್ಮ ಶಾಲೆಯ ಹುಡುಗಿಯೊಬ್ಬಳ ತಂದೆ ಅಡಿಕೆ ಮರದಿಂದ ಬಿದ್ದಿದ್ದಾರೆ. ಸೊಂಟದ ಕೆಳಗೆ ಸ್ವಾಧೀನವಿಲ್ಲ, ಕೈಗಳಿಗೆ ಬಲವಿದೆ. ತಾಯಿ 8 ಗಂಟೆಗೆ ತೋಟದ ಕೆಲಸಕ್ಕೆ ಹೋದರೆ ಬರುವುದು ಸಂಜೆಯೇ. ಮಗ್ಗುಲು ತಿರುಗಿಸುವುದು, ಯೂರಿನ್ ಬ್ಯಾಗ್ ಖಾಲಿ ಮಾಡುವುದು, ಮಲ ಒರೆಸುವುದು ಎಲ್ಲ ಇವಳದೇ. ರಾತ್ರಿ 2 ಗಂಟೆಗೊಮ್ಮೆ ಏಳುತ್ತಾಳೆ, ವಾರಕ್ಕೆ ಎರಡು ಮೂರು ದಿನ ಶಾಲೆ ತಪ್ಪುತ್ತದೆ. ಅವಳಿಗೆ ಆರೈಕೆಯ ಸರಿಯಾದ ಕ್ರಮ ಹೇಗೆ ಕಲಿಸಲಿ? ಹಣದ ನೆರವು ಎಲ್ಲಿ ಸಿಗುತ್ತದೆ?

ಫಿಸಿಯೋಥೆರಪಿಸ್ಟ್:
ಮೇಡಂ, ಮೊದಲು ಕಲಿಯಬೇಕಾದವರು ತಂದೆ. ಕೈ ಗಟ್ಟಿಯಿದ್ದವರು ಮಗ್ಗುಲಾಗುವುದು, ಎದ್ದು ಕೂರುವುದು, ಗಾಲಿಕುರ್ಚಿಗೆ ಜರುಗುವುದು ಎಲ್ಲವನ್ನೂ ತಾವೇ ಮಾಡಿಕೊಳ್ಳಬಲ್ಲರು. ಬೆನ್ನುಮೂಳೆ ಭದ್ರವಾಗಿದೆಯೆಂದು ಸರ್ಜನ್ ಹೇಳಿದ ಮೇಲೆ ಶುರುಮಾಡಿ.

ಮಂಚದ ಕಾಲ್ದೆಸೆಗೆ ದಪ್ಪ ಹಗ್ಗ ಕಟ್ಟಿ, ಅಡಿಗೊಂದು ಗಂಟು ಹಾಕಿ. ಅದನ್ನು ಹಿಡಿದು ಎದ್ದು ಕೂರಬಹುದು. ಮಗ್ಗುಲಾಗಲು ಮಂಚದ ಪಕ್ಕಕ್ಕೆ ಒಂದು ಸರಳು ಬೇಕು. ಹಾಸಿಗೆಯೂ ಸೇರಿ ಮಂಚದ ಎತ್ತರ ಗಾಲಿಕುರ್ಚಿಯ ಆಸನಕ್ಕೆ ಸಮನಾಗಿರಲಿ, ಸಾಮಾನ್ಯವಾಗಿ 19–20 ಇಂಚು. ಮಂಚದ ಕಾಲಿಗೆ ಬಿಡಿ ಇಟ್ಟಿಗೆ ಕೊಡಬೇಡಿ, ಜರುಗುವಾಗ ಜಾರುತ್ತದೆ. ಗುಳಿ ತೋಡಿದ ಮರದ ದಿಮ್ಮಿ ಮಾಡಿಸಿ. ಜರುಗುವಾಗ ಮಂಚಕ್ಕೂ ಕುರ್ಚಿಗೂ ನಡುವೆ ಇಡಲು 28 ಇಂಚು ಉದ್ದ, 8 ಇಂಚು ಅಗಲದ ನುಣುಪಾದ ಹಲಗೆ ಸಾಕು. ಬಡಗಿಯಿಂದ ಅಂಚು ದುಂಡಗೆ ಮಾಡಿಸಿ. ಕುರ್ಚಿಯ ತೋಳು ಕಳಚುವಂತಿರಬೇಕು. ಬ್ರೇಕ್ ಹಾಕಿ, ಮೈಯನ್ನು ಸ್ವಲ್ಪ ಸ್ವಲ್ಪವೇ ಎತ್ತಿ ಜರುಗಬೇಕು. ಎಳೆದುಕೊಂಡರೆ ಒಳಗಿನ ಮಾಂಸ ಉಜ್ಜಿ ಹುಣ್ಣಾಗುತ್ತದೆ, ಸ್ಪರ್ಶ ಇಲ್ಲದ್ದರಿಂದ ಗೊತ್ತೇ ಆಗುವುದಿಲ್ಲ.

ಕುರ್ಚಿಯಲ್ಲಿ ಕೂತಾಗ ಅರ್ಧ ಗಂಟೆಗೊಮ್ಮೆ ಮೊಣಕೈಯನ್ನು ಮಂಡಿಗೆ ಊರಿ 2 ನಿಮಿಷ ಮುಂದಕ್ಕೆ ಬಾಗಲಿ. ಕೈಯೂರಿ ಕೆಲವು ಸೆಕೆಂಡ್ ಮೈ ಎತ್ತಿದರೆ ಸಾಲದು, ಅಷ್ಟರಲ್ಲಿ ಚರ್ಮಕ್ಕೆ ರಕ್ತ ಮರಳುವುದಿಲ್ಲ. 14ರ ಹುಡುಗಿ ದೊಡ್ಡವರನ್ನು ಎತ್ತಲೇಬಾರದು.

ನರ್ಸ್:
ವೈದ್ಯರು ಒಪ್ಪಿದರೆ ಸದಾ ಒಳಗೇ ಇರುವ ಕ್ಯಾತಿಟರ್ (ಮೂತ್ರದ ನಳಿಕೆ) ಬೇಡ. ತಂದೆ 4ರಿಂದ 6 ಗಂಟೆಗೊಮ್ಮೆ 12 ಅಥವಾ 14 ನಂಬರಿನ ನೆಲಟಾನ್ ಟ್ಯೂಬ್ (ಹಾಕಿ ತೆಗೆಯುವ ತೆಳು ಮೂತ್ರನಳಿಕೆ) ತಾವೇ ಹಾಕಿ, ಮೂತ್ರ ಬಂದ ಮೇಲೆ ತೆಗೆದುಬಿಡಬಹುದು. ಕೈಗೆ ಸೋಪು, ಟ್ಯೂಬಿಗೆ ಸುಲಭವಾಗಿ ಜಾರಲು ಹಚ್ಚುವ ಜೆಲ್ಲಿ. ಶಿಶ್ನವನ್ನು ನೇರ ಮೇಲಕ್ಕೆ ಹಿಡಿದು ನಿಧಾನವಾಗಿ ತಳ್ಳಬೇಕು. ತಡೆದರೆ ಒತ್ತಾಯ ಬೇಡ, ನಿಂತು ಉಸಿರು ಎಳೆದು ಬಿಟ್ಟು ಮುಂದುವರಿಯಲಿ. ಮೂತ್ರ ಬರತೊಡಗಿದ ಮೇಲೆ ಇನ್ನೊಂದು ಇಂಚು ಒಳಗೆ ಹೋಗಲಿ. ಒಂದು ಸಲಕ್ಕೆ 500 ಮಿ.ಲೀ. ಮೀರಿದರೆ ಅಂತರ ಕಡಿಮೆ ಮಾಡಿ. ಮೊದಲ ಕೆಲವು ಸಲ ಆಸ್ಪತ್ರೆಯಲ್ಲೇ ನೋಡಿ ಕಲಿಯಲಿ.

ಅಲ್ಲಿಯವರೆಗೆ ಬ್ಯಾಗ್ ಸೊಂಟಕ್ಕಿಂತ ಕೆಳಗಿರಲಿ, ನೆಲ ತಾಕದಿರಲಿ. 3–4 ಗಂಟೆ ಮೂತ್ರ ಬಾರದೆ ಕಿಬ್ಬೊಟ್ಟೆ ಉಬ್ಬಿದರೆ ಪೈಪ್ ಮಡಚಿದೆಯೇ ನೋಡಿ, ಸರಿಯಾಗದಿದ್ದರೆ ತಕ್ಷಣ ಆಸ್ಪತ್ರೆಗೆ.

ಮಲದ ಕೆಲಸ ಮಗಳ ಕೈಗೆ ಖಂಡಿತ ಬೇಡ, ಅದು ಇಬ್ಬರಿಗೂ ಹಿಂಸೆ. ತಾಯಿ ಮನೆಯಲ್ಲಿರುವಾಗಲೇ, ಬೆಳಗಿನ ತಿಂಡಿಯಾಗಿ ಅರ್ಧ ಗಂಟೆಗೆ, ದಿನವೂ ಅದೇ ಹೊತ್ತಿಗೆ ಆಗಲಿ. ಗ್ಲೌಸ್, ಜೆಲ್ಲಿ ಹಾಕಿ ತಂದೆಯೇ ಬೆರಳಿನಿಂದ ತೆಗೆದುಕೊಳ್ಳಲು ಕಲಿಯಬಹುದು. ಹೊತ್ತು ತಪ್ಪಿದರೆ ನಡುಹಗಲು ಹಾಸಿಗೆಯಲ್ಲೇ ಆಗುತ್ತದೆ. ಹುಡುಗಿ ಶಾಲೆ ತಪ್ಪಿಸುತ್ತಿರುವುದು ಬಹುಶಃ ಈ ಹೆದರಿಕೆಗೇ.

ರಾತ್ರಿಗೆ ಗಾಳಿಹಾಸಿಗೆ ತನ್ನಿ, ಮೇಲೆ ಒಂದೇ ತೆಳು ಬಟ್ಟೆ. ಬೆಳಗ್ಗೆ ಕೆಂಪು ಕಲೆ ಇಲ್ಲವಾದರೆ ಮಗ್ಗುಲು ಬದಲಿಸುವ ಅಂತರವನ್ನು ಮೆಲ್ಲಗೆ 4 ಗಂಟೆಗೆ ಹೆಚ್ಚಿಸಬಹುದು. ಕೋಲಿಗೆ ಕಟ್ಟಿದ ಕನ್ನಡಿಯಿಂದ ತಂದೆಯೇ ನೋಡಿಕೊಳ್ಳಲಿ. ಬೆರಳೊತ್ತಿದರೂ ಮಾಸದ ಕೆಂಪು ಕಂಡರೆ ಆ ಜಾಗಕ್ಕೆ ಭಾರ ಬೀಳಬಾರದು, ಉಜ್ಜಲೂ ಬಾರದು.

ಮಕ್ಕಳ ರಕ್ಷಣೆ ಕ್ಷೇತ್ರದವರು:
ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ ₹4,000 ಸಿಗುತ್ತದೆ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ ₹72,000, ಪಟ್ಟಣದಲ್ಲಿ ₹96,000 ಮೀರಿರಬಾರದು. "ಅನಾಥರಿಗೆ ಮಾತ್ರ" ಎಂದು ಯಾರಾದರೂ ವಾಪಸ್ ಕಳಿಸಿದರೆ ಒಪ್ಪಬೇಡಿ. ಮಕ್ಕಳನ್ನು ನೋಡಿಕೊಳ್ಳಲಾಗದಷ್ಟು ಅಶಕ್ತರಾದ ಪೋಷಕರ ಮಕ್ಕಳೂ ಅರ್ಹರೆಂದು ಮಾರ್ಗಸೂಚಿಯಲ್ಲೇ ಇದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಕಾರವಾರ ದೂರವಾದರೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಆದಾಯ ಪತ್ರ, ವ್ಯಾಸಂಗ ಪತ್ರ, ತಂದೆಯ ವೈದ್ಯಕೀಯ ದಾಖಲೆ ಜೊತೆಗಿರಲಿ.

ತಂದೆಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ, ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಕೊಡಿ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದರೆ ಓಡಾಟ ಎಷ್ಟೋ ತಪ್ಪುತ್ತದೆ.

ಶಿಕ್ಷಕಿ:
ತುಂಬಾ ಉಪಕಾರವಾಯಿತು. ಶೌಚಾಲಯದ ಬಾಗಿಲು 2 ಅಡಿ ಮಾತ್ರ, ಕುರ್ಚಿ ಒಳಗೆ ಹೋಗದು. ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊರೆದು ಕೊಡಬಹುದೇ?

ನರ್ಸ್:
ಬೇಡ. ಕೊರೆದ ಅಂಚು ಚರ್ಮ ಕೊಯ್ಯುತ್ತದೆ, ಪಕ್ಕಕ್ಕೆ ವಾಲಿದರೆ ಕುರ್ಚಿಯೂ ಮಗುಚುತ್ತದೆ. ಮೆತ್ತನೆ ಆಸನದ ಕಬ್ಬಿಣದ ಕಮೋಡ್ ಕುರ್ಚಿ ತಂದು ಮಂಚದ ಪಕ್ಕದಲ್ಲೇ ಇಡಿ, ಮರೆಗೆ ಒಂದು ಪರದೆ ಕಟ್ಟಿ. ಒಂದು ಸಲಕ್ಕೆ 15–20 ನಿಮಿಷಕ್ಕಿಂತ ಹೆಚ್ಚು ಕೂರುವುದು ಬೇಡ.