ಮೇಸ್ತ್ರಿಗಳನ್ನು ಕೇಳಿ: ಮಾಡು ಸೋರುತ್ತಿದೆ, ನಾವೇ ಹತ್ತಬಹುದಾ?

ಅಡ್ಮಿನ್: ರೋಹಿಣಿ ಮಳೆ ಇನ್ನೇನು ಬಂತು. ಹಂಚು, ಸಿಮೆಂಟ್ ಶೀಟ್, ತಗಡು ಹೀಗೆ ಮಾಡಿನ ಕೆಲಸದಲ್ಲಿ 26 ವರ್ಷ ಕಳೆದ ಮೇಸ್ತ್ರಿಯೊಬ್ಬರು ನಮ್ಮ ಗುಂಪಿನಲ್ಲೇ ಇದ್ದಾರೆ. ಇವತ್ತು ಸಂಜೆ ಏಳರಿಂದ ಉತ್ತರ ಕೊಡ್ತಾರೆ. ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು ಕೇಳಬೇಡಿ. ಫಾರ್ವರ್ಡ್ ಹಾಕಬೇಡಿ.

ತೋಟದಮನೆ: ನಮಸ್ತೆ ಮೇಸ್ತ್ರಿಗಳೇ. ಮಂಗಳೂರು ಹಂಚಿನ ಮನೆ. ಮಂಗ ಹಾರಿ ಹಾರಿ ಐದಾರು ಹಂಚು ಒಡೆದು ಹಾಕಿವೆ. ನಾನೇ ಹತ್ತಿ ಬದಲಾಯಿಸಬಹುದಾ?

ಮೇಸ್ತ್ರಿ: ನಮಸ್ಕಾರ. ಹತ್ತೋದೇ ಬೇಡ, ಅಟ್ಟದಿಂದ ಮಾಡಿ. ಒಡೆದ ಹಂಚಿನ ಮೇಲಿನ ಸಾಲಿನದ್ದನ್ನು ಒಳಗಿಂದಲೇ ಸ್ವಲ್ಪ ಎತ್ತಿ ಹಿಡಿದರೆ ಒಡೆದದ್ದು ರೀಪಿನಿಂದ, ಅಂದ್ರೆ ಹಂಚು ಕೂರುವ ಅಡ್ಡ ಮರದ ಪಟ್ಟಿಯಿಂದ, ಬಿಡುತ್ತೆ. ಅದನ್ನು ಒಳಕ್ಕೆ ಎಳೆದುಕೊಂಡು, ಹೊಸದನ್ನು ಓರೆ ಮಾಡಿ ಅದೇ ಕಂಡಿಯಲ್ಲಿ ತೂರಿಸಿ ಕೂರಿಸಿ. ಒಬ್ಬರು ಎತ್ತಿ ಹಿಡಿಯೋಕೆ, ಒಬ್ಬರು ಕೂರಿಸೋಕೆ. ಹಂಚಿನ ಬೆನ್ನ ಮೇಲೆ ಕಾರ್ಖಾನೆ ಹೆಸರಿನ ಅಚ್ಚು ಇರುತ್ತೆ, ಅದನ್ನು ನೋಡಿಕೊಂಡು ಹಳೇ ಹಂಚು ಮಾರುವವರ ಹತ್ತಿರ ಅದೇ ಅಚ್ಚಿನದ್ದು ತನ್ನಿ. ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆ ಬಂದುವು, ಒಬ್ಬರ ಹಂಚಿನ ಕಚ್ಚು ಇನ್ನೊಬ್ಬರದ್ದಕ್ಕೆ ಸರಿಯಾಗಿ ಕೂರಲ್ಲ. ಕೂರದ ಹಂಚು ಮೊದಲ ಗಾಳಿಗೇ ಜಾರುತ್ತೆ.

ಇನ್ನೊಂದು. ಹನಿ ಬಿದ್ದ ಜಾಗದ ನೇರ ಮೇಲೆ ತೂತು ಹುಡುಕಬೇಡಿ. ನೀರು ಪಕಾಸಿ (ಮಾಡಿನ ಇಳಿಜಾರು ಮರ) ಹಿಡಿದು ಐದಾರು ಅಡಿ ಇಳಿದು ಬಂದು ತೊಟ್ಟಿಕ್ಕುತ್ತೆ. ಒದ್ದೆ ಗೆರೆ ಹಿಡಿದು ಮೇಲಕ್ಕೆ ಹೋಗಿ.

ತೋಟದಮನೆ: ತುಂಬಾ ಉಪಕಾರ ಆಯ್ತು.

ಹಸಿರುಗುಡ್ಡ: ಸಾರ್, ಥರ್ಮಕೋಲನ್ನು ಪೆಟ್ರೋಲಿನಲ್ಲಿ ಕರಗಿಸಿ ಶೀಟಿನ ಬಿರುಕಿಗೆ ಹಚ್ಚಿದರೆ ಹತ್ತು ವರ್ಷ ಸೋರಲ್ಲ ಅಂತ ವೀಡಿಯೊ ಬಂದಿದೆ. ಸರೀನಾ?

ಮೇಸ್ತ್ರಿ: ಮಾಡಬೇಡಿ. ಬಿಸಿಲಿಗೆ ಕಾದ ಶೀಟಿನ ಮೇಲೆ ಪೆಟ್ರೋಲ್ ಮಗ್ ಹಿಡಿದು ಕೂರೋದು, ಪಕ್ಕದಲ್ಲೊಬ್ಬ ಬೀಡಿ ಹಚ್ಚೋದು, ಎರಡನ್ನೂ ನಾನು ಒಂದೇ ಕಡೆ ನೋಡಿದ್ದೀನಿ. ಪೆಟ್ರೋಲ್ ಆರಿದ ಮೇಲೆ ಉಳಿಯೋದು ಬರೀ ಥರ್ಮಕೋಲ್, ಬಿಸಿಲಿಗೆ ಪುಡಿಯಾಗಿ ಏಳುತ್ತೆ. ಆ ವೀಡಿಯೊ ಮಾಡಿದವನು ಮುಂದಿನ ಮಳೆಗಾಲದಲ್ಲಿ ನಿಮ್ಮ ಮನೆಗೆ ಬರಲ್ಲ.

ಕಡೂರು ಕಾಯಿ: ಎಂ-ಸೀಲ್ ಆಗುತ್ತಾ?

ಮೇಸ್ತ್ರಿ: ಕೂದಲೆಳೆ ಬಿರುಕಿಗೆ, ಒಣಗಿದ ಶೀಟಿಗೆ, ತಾತ್ಕಾಲಿಕ.

ಮನೆಮಗಳು: ಮೇಸ್ತ್ರಿಯವರೇ, ನಮ್ಮದು ಕೊಪ್ಪದ ಹತ್ತಿರ ಹಳ್ಳಿ. ಕೊಟ್ಟಿಗೆಗೆ 1998ರಲ್ಲಿ ಹಾಕಿದ ಸಿಮೆಂಟ್ ಶೀಟ್. ಬೆಳಕಿಗೆ ಅಂತ ನಡುನಡುವೆ ನಾಲ್ಕು ಫೈಬರ್ ಶೀಟ್ ಇವೆ. ಈಗ ಎಲ್ಲದರ ಮೇಲೂ ಪಾಚಿ ಕಟ್ಟಿ ಯಾವುದು ಯಾವುದು ಅಂತ ಗೊತ್ತಾಗಲ್ಲ. ಮಾವನಿಗೆ 68. ಪ್ರತಿ ವರ್ಷ ಮೇ ಕೊನೆಗೆ ಒಬ್ಬರೇ ಹತ್ತಿ ಟಾರ್ ಹಚ್ಚುತ್ತಾರೆ. ಈ ಸಲವೂ ಟಾರ್ ಡಬ್ಬ ತಂದಿಟ್ಟಿದ್ದಾರೆ. ಇವರು ಬೆಂಗಳೂರಲ್ಲಿ, ಮನೇಲಿ ನಾನೊಬ್ಬಳೇ. ಬೇಡ ಅಂದರೆ ಕೇಳಲ್ಲ. ಏನು ಜಾಗ್ರತೆ ಮಾಡಬೇಕು?

ಮೇಸ್ತ್ರಿ: ಅಕ್ಕ, ಉಳಿದವರು ಸ್ವಲ್ಪ ಕಾಯಲಿ, ಇದನ್ನು ಪೂರ್ತಿ ಬರೀತೀನಿ.

2009ರಲ್ಲಿ ನನ್ನ ಜೊತೆ ಕೆಲಸಕ್ಕೆ ಬರ್ತಿದ್ದ ಹುಡುಗ ಇಂಥದ್ದೇ ಕೊಟ್ಟಿಗೆ ಮೇಲಿಂದ ಕೆಳಗೆ ಹೋದ. ಸಿಮೆಂಟ್ ಶೀಟ್ ಅಂದುಕೊಂಡು ಕಾಲಿಟ್ಟದ್ದು ಫೈಬರ್ ಶೀಟ್. ಸದ್ದೂ ಆಗಲಿಲ್ಲ. ತಿರುಗಿ ನೋಡುವಾಗ ಅವನು ಇದ್ದ ಜಾಗದಲ್ಲಿ ತೂತು. ಹದಿನಾಲ್ಕು ಅಡಿ ಕೆಳಗೆ ಕಲ್ಲಿನ ಬಾನಿಯ ಅಂಚಿಗೆ ಸೊಂಟ ಬಡಿಯಿತು. ಇವತ್ತಿಗೂ ಅವನಿಗೆ ಎದ್ದು ನಡೆಯೋಕೆ ಆಗಲ್ಲ. ಹತ್ತುವ ಮೊದಲು ಒಳಗೆ ಹೋಗಿ ಬೆಳಕು ಎಲ್ಲಿಂದ ಬರುತ್ತೆ ಅಂತ ನೋಡಿ ಗುರುತು ಮಾಡಬೇಕಿತ್ತು, ಅದು ನನ್ನ ಕೆಲಸ, ನಾನು ಮಾಡಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ಸಿಮೆಂಟ್ ಶೀಟ್ ಹಳೆಯದಾದ ಹಾಗೆ ಪೆಡಸಾಗುತ್ತೆ. ತಗಡು ಬಗ್ಗಿ ಎಚ್ಚರಿಕೆ ಕೊಡುತ್ತೆ, ಇದು ಬಗ್ಗಲ್ಲ, ಒಂದೇ ಸಲಕ್ಕೆ ಮುರಿಯುತ್ತೆ. 'ಬೋಲ್ಟ್ ಸಾಲಿನ ಮೇಲೆ ನಡೆದರೆ ಏನೂ ಆಗಲ್ಲ' ಅಂತ ನಿಮ್ಮ ಮಾವ ಹೇಳ್ತಿರಬಹುದು. ಬೋಲ್ಟ್ ಕೆಳಗೆ ಶೀಟನ್ನು ಹೊರುವ ಅಡ್ಡಪಟ್ಟಿ ಇರೋದು ನಿಜ. ಆದರೆ ಹಳೇ ಶೀಟಲ್ಲಿ ಬಿರುಕು ಶುರುವಾಗೋದೇ ಬೋಲ್ಟ್ ತೂತಿನ ಸುತ್ತ, ಅವರು ಪ್ರತಿ ವರ್ಷ ಹಚ್ಚಿದ ಟಾರ್ ಆ ಬಿರುಕನ್ನೇ ಮುಚ್ಚಿಟ್ಟಿದೆ. ಹೋದ ವರ್ಷ ತಡೆದುಕೊಂಡ ಜಾಗ ಈ ವರ್ಷ ತಡೆಯುತ್ತೆ ಅಂತ ಇಲ್ಲ.

ಮೊದಲು ಸೋರೋದನ್ನು ಕೆಳಗಿಂದ ಹುಡುಕಿ. ಬಿಸಿಲಿನ ಮಧ್ಯಾಹ್ನ ಕೊಟ್ಟಿಗೆ ಬಾಗಿಲು ಹಾಕಿ ಕತ್ತಲೆ ಮಾಡಿ ಮೇಲೆ ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಕಾಣುತ್ತೆ. ಯಾವ ಅಡ್ಡಪಟ್ಟಿ, ಗೋಡೆಯಿಂದ ಎಷ್ಟನೇ ಬೋಲ್ಟ್ ಅಂತ ಚೀಟಿಯಲ್ಲಿ ಬರೆಯಿರಿ. ಫೈಬರ್ ಶೀಟ್ ನಾಲ್ಕೂ ಎಲ್ಲಿವೆ ಅಂತಲೂ ಅದೇ ಚೀಟಿಯಲ್ಲಿ. ಅರ್ಧ ದಿನ ಮೇಲೆ ತಡಕಾಡೋ ಕೆಲಸ ಇದರಿಂದ ಅರ್ಧ ಗಂಟೆಗೆ ಇಳಿಯುತ್ತೆ. ನೂರಕ್ಕೆ ಎಂಬತ್ತು ಕಡೆ ನಾನು ಕಂಡಿದ್ದು ಶೀಟಿನ ತಪ್ಪಲ್ಲ, ಬೋಲ್ಟಿನ ಕೆಳಗಿನ ಟಾರ್ ವಾಷರ್ ಒಣಗಿ ಒಡೆದಿರುತ್ತೆ. ವಾಷರ್ ಬದಲಾಯಿಸಿದರೆ ಮುಗೀತು.

ಯಾರೇ ಹತ್ತಲಿ, ಬರೀ ಶೀಟಿನ ಮೇಲೆ ಕಾಲಿಡಬಾರದು. ಮೂರು ಅಡ್ಡಪಟ್ಟಿಗೆ ಕೂರುವಷ್ಟು ಉದ್ದದ, ಒಂದೂವರೆ ಅಡಿ ಅಗಲದ ಗಟ್ಟಿ ಹಲಗೆ ಎರಡು ಬೇಕು. ಒಂದರ ಮೇಲೆ ನಿಂತು ಇನ್ನೊಂದನ್ನು ಮುಂದಕ್ಕೆ ಸರಿಸೋದು. ಹಲಗೆ ಜಾರದ ಹಾಗೆ ಮಾಡಿನ ನೆತ್ತಿಯ ಆಚೆ ಕಡೆಗೆ ಹಗ್ಗ ಕಟ್ಟಬೇಕು. ಮೈಪೂರ್ತಿ ಹಾಕುವ ಹಾರ್ನೆಸ್ (ಬಿದ್ದರೆ ಹಿಡಿದು ನಿಲ್ಲಿಸುವ ಬೆಲ್ಟ್) ಬೇಕು, ಅದರ ಹಗ್ಗ ಮಾಡಿನ ಆಚೆ ಬದಿಯ ಕಂಬಕ್ಕೋ ಮರಕ್ಕೋ. ಶೀಟಿಗೆ, ಅಡ್ಡಪಟ್ಟಿಗೆ ಕಟ್ಟಿದರೆ ಪ್ರಯೋಜನ ಇಲ್ಲ. ಕೆಳಗೆ ಒಬ್ಬರು ಇರಲೇಬೇಕು. ದನ ಹೊರಗೆ ಕಟ್ಟಿ, ಬಾನಿ ಸರಿಸಿ. ಇಬ್ಬನಿ ಆರಿದ ಮೇಲೆ ಹತ್ತಬೇಕು, ಪಾಚಿಗೆ ಹನಿ ತಾಗಿದರೆ ಇಳಿದುಬಿಡಬೇಕು.

ನಿಮ್ಮ ಮಾವ ಮಾತ್ರ ಹತ್ತೋದು ಬೇಡ. ಒಬ್ಬರೇ ಇರುವಾಗಂತೂ ಬೇಡವೇ ಬೇಡ.

ಹೊಸಗದ್ದೆ: ಕೆಳಗೆ ಒಣಹುಲ್ಲು ರಾಶಿ ಹಾಕಿದ್ರೆ ಸಾಕಲ್ವಾ?

ಮೇಸ್ತ್ರಿ: ಬೀಳೋನು ಹುಲ್ಲು ನೋಡಿಕೊಂಡು ಬೀಳಲ್ಲ.

ಬೆಂಗ್ಳೂರ್ ಭಟ್ರು: ಆ ಶೀಟೇ ಕಿತ್ತು ಬಿಸಾಕಿ. ಅದು ಆಸ್ಬೆಸ್ಟಾಸ್. ಕ್ಯಾನ್ಸರ್.

ಹೊಸಗದ್ದೆ: ನಮ್ಮಜ್ಜ ನಲವತ್ತು ವರ್ಷ ಅದರ ಕೆಳಗೇ ಮಲಗಿದ್ರು. 92ಕ್ಕೆ ಹೋದ್ರು. ಸಿಟಿಯವರಿಗೆ ಎಲ್ಲದಕ್ಕೂ ಹೆದರಿಕೆ.

ಬೆಂಗ್ಳೂರ್ ಭಟ್ರು: ಒಬ್ಬ ಅಜ್ಜನ ಕಥೆ ಹೇಳಿದ್ರೆ ಆಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ ಎಲ್ಲಾ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್‌ಕಾರಕ ಅಂದಿದೆ. ಓದಿ.

ಹೊಸಗದ್ದೆ: ನೀವು ದುಡ್ಡು ಕಳಿಸಿ, ನಾಳೇನೇ ಹಂಚು ಹಾಕಿಸ್ತೀವಿ.

ಕಾಫಿಗಿಡ: ಹಂಚು ಹಾಕಿಸೋಕೆ ಪಕಾಸಿಗೆ ಮರ ಎಲ್ಲಿದೆ? ಇಳಿಜಾರು ಸಾಲದೆ ಹಂಚು ಹಾಕಿದರೆ ಅದೂ ಸೋರುತ್ತೆ.

ಬೆಂಗ್ಳೂರ್ ಭಟ್ರು: ನಾನು ಹಂಚು ಅಂದೆನಾ? ಓದೋಕೆ ಬರುತ್ತಾ?

ಕಾಫಿಗಿಡ: ಮರ್ಯಾದೆ ಕೊಟ್ಟು ಮಾತಾಡಿ ಭಟ್ರೇ.

ಮೇಸ್ತ್ರಿ: ಭಟ್ರು, ಹೊಸಗದ್ದೆ, ಇಬ್ಬರದೂ ಅರ್ಧ ಸರಿ. ಸುಮ್ಮನೆ ಕೂತ ಶೀಟಿಗಿಂತ ಅದನ್ನು ಒಡೆಯುವಾಗ, ಕೊರೆಯುವಾಗ, ಒಣಗಿದ ಪಾಚಿಯನ್ನು ತಂತಿ ಬ್ರಶ್‌ನಲ್ಲಿ ಉಜ್ಜುವಾಗ ಏಳುವ ಧೂಳು ಅಪಾಯ. ನೀರು ಚಿಮುಕಿಸಿ, ಒಳ್ಳೇ ಮಾಸ್ಕ್ ಹಾಕಿ. ಭಟ್ರೇ, 'ಕಿತ್ತು ಬಿಸಾಕಿ' ಅಂದ್ರಲ್ಲ, ಹಾಗೆ ಬಿಸಾಕಿದರೇ ಆ ಧೂಳು ಏಳೋದು.

ಟೆಕ್ಸಾಸ್ ಕನ್ನಡಿಗ: ನಾವಿಲ್ಲಿ ಹಳೇ ಟ್ರಾವೆಲ್ ಟ್ರೇಲರ್ ತಗೊಂಡ್ವಿ, ಕಾರಿನ ಹಿಂದೆ ಎಳೆದುಕೊಂಡು ಹೋಗುವ ಮನೆ. ಮೇಲೆ ರಬ್ಬರ್ ಹೊದಿಕೆ, ಗಾಳಿಕಿಂಡಿ ಹತ್ತಿರ ಸೋರುತ್ತೆ. ನಾನು 95 ಕೆಜಿ. ಹತ್ತಬಹುದಾ?

ಮೇಸ್ತ್ರಿ: ನಾನು ಆ ಗಾಡಿ ಮುಟ್ಟಿಲ್ಲ. ನೀರು ಕುಡಿದ ತೆಳು ಪ್ಲೈವುಡ್ ಎಲ್ಲಿದ್ದರೂ ನಂಬಬೇಡಿ.

ಕಡಲಾಚೆ: ನಾನು ಒಹಾಯೋದಲ್ಲಿ ಟ್ರೇಲರ್ ಇಟ್ಟಿದ್ದೀನಿ, ಹೇಳ್ತೀನಿ. ಮೇಲೆ ನಡೆಯಬಹುದೋ ಇಲ್ಲವೋ ಅಂತ ಅದರ ಕೈಪಿಡಿ ನೋಡಿ, ಕೆಲವದರ ಮೇಲೆ ನಡೆಯೋ ಹಾಗೇ ಇಲ್ಲ. ಸೋರಿದ ಕಡೆ ಹಲಗೆ ಕೊಳೆತು ಮೆತ್ತಗಾಗಿರುತ್ತೆ. ಗಾಳಿಕಿಂಡಿ ಅಂಚಿನದ್ದಾದರೆ ಪಕ್ಕದಲ್ಲಿ ಏಣಿ ಇಟ್ಟು ನಿಂತೇ ಮಾಡಿ. ಚಕ್ರಕ್ಕೆ ಅಡ್ಡ ಕೊಟ್ಟು, ಜ್ಯಾಕ್ ಇಳಿಸಿ. ಹತ್ತಲೇಬೇಕಾದರೆ ಪ್ಲೈವುಡ್ ಹಾಸಿ ಮಂಡಿಯೂರಿ. ಇ.ಪಿ.ಡಿ.ಎಂ. ಅನ್ನೋ ಬಗೆಯ ರಬ್ಬರಾದರೆ ಟಾರ್, ಪೆಟ್ರೋಲ್ ಸೇರಿದ ಯಾವುದನ್ನೂ ತಾಗಿಸಬೇಡಿ, ಉಬ್ಬಿ ಹಾಳಾಗುತ್ತೆ. ಸಿಲಿಕೋನ್ ಬೇಡ, ಮುಂದೆ ಅದರ ಮೇಲೆ ಬೇರೇನೂ ಹಿಡಿಯಲ್ಲ. ರಬ್ಬರ್ ಮಾಡಿಗೆ ಅಂತಲೇ ತಾನಾಗಿ ಹರಡಿ ಕೂರುವ ಸೀಲೆಂಟ್ (ಸಂದು ಮುಚ್ಚುವ ಅಂಟು) ಸಿಗುತ್ತೆ.

ಹೊಸಗದ್ದೆ: ಇಲ್ಲಿ ಕೊಟ್ಟಿಗೆ ಸೋರ್ತಿದೆ, ಅಮೆರಿಕದ ಗಾಡಿ ಕಥೆ ಬೇಕಾ?

ಕಡಲಾಚೆ: ಕೇಳಿದವರಿಗೆ ಹೇಳಿದೆ. ನಿಮ್ಮನ್ನು ಓದಿ ಅಂದಿಲ್ಲ.

ಮಳೆಹನಿ: ಮೇಸ್ತ್ರಿಗಳೇ, ಶೀಟಿನ ಮೇಲೆ ಸೋಲಾರ್ ಕೂರಿಸಬಹುದಾ?

ಕಡೂರು ಕಾಯಿ: ಏಣಿ ಹೇಗಿಡಬೇಕು?

ಮೇಸ್ತ್ರಿ: ನಾಲ್ಕು ಅಡಿ ಎತ್ತರಕ್ಕೆ ಗೋಡೆಯಿಂದ ಒಂದು ಅಡಿ ದೂರ. ಏಣಿ ಸೂರಿಗಿಂತ ಮೂರು ಅಡಿ ಮೇಲೆ ಬರಬೇಕು, ತುದಿ ಕಟ್ಟಬೇಕು. ಕರೆಂಟ್ ತಂತಿ ಮಾಡಿನ ಮೇಲೆ ಹಾದಿದ್ದರೆ ಅಲ್ಯೂಮಿನಿಯಂ ಏಣಿ ತರಬೇಡಿ. ಕಂಬದಿಂದ ಮನೆಗೆ ಬರುವ ಸರ್ವಿಸ್ ತಂತಿಯ ಕವಚ ಸುಲಿದಿದ್ದರೆ ಕರೆಂಟ್ ಕಂಪನಿಯ 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಿ ಆಮೇಲೆ ಹತ್ತಿ.

ಸಿರಿಮನೆ: ಥರ್ಮಕೋಲ್ ಪೆಟ್ರೋಲ್ ಬಗ್ಗೆ ಒಂದು ವೀಡಿಯೊ ಇದೆ, ಹಾಕ್ತೀನಿ ನೋಡಿ ಹೇಳಿ.

ಮೇಸ್ತ್ರಿ: ಮೇಲೆ ಓದಿ.

ಹಸಿರುಗುಡ್ಡ: ಮೇಸ್ತ್ರಿಗಳು ಅಂದ ಹಾಗೇ ಅಲ್ಲ. ನಮ್ಮ ಭಾವ ಹಚ್ಚಿ ಎರಡು ವರ್ಷ ಆಯ್ತು, ಒಂದು ಹನಿ ಸೋರಿಲ್ಲ. ಮೇಸ್ತ್ರಿಗಳಿಗೆ ಕೆಲಸ ಕಮ್ಮಿ ಆಗುತ್ತೆ ಅಂತ ಬೇಡ ಅಂತಾರೆ.

ಮೇಸ್ತ್ರಿ: ನನಗೆ ಈ ತಿಂಗಳು ಇಪ್ಪತ್ತೊಂದು ಮನೆ ಕೆಲಸ ಬಾಕಿ ಇದೆ. ನಿಮ್ಮ ಭಾವನ ಮಾಡು ನನಗೆ ಬೇಡ. ಮೈ ಸುಟ್ಟುಕೊಂಡವನನ್ನು ಜೀಪಲ್ಲಿ ಹಾಕಿಕೊಂಡು ಘಾಟಿ ಇಳಿಸೋದು ಏನು ಅಂತ ನಿಮಗೆ ಗೊತ್ತಿಲ್ಲ.

ಅಡ್ಮಿನ್: ಹಸಿರುಗುಡ್ಡ, ಸಾಕು. ವೀಡಿಯೊ ಅಳಿಸಿದ್ದೀನಿ.

ಕಾಫಿಗಿಡ: ಯಾರಾದರೂ ಬಿದ್ದೇಬಿಟ್ಟರೆ ಏನು ಮಾಡಬೇಕು, ಅದನ್ನೂ ಹೇಳಿ.

ಮೇಸ್ತ್ರಿ: ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಕುತ್ತಿಗೆ, ಬೆನ್ನು ಅಲುಗದ ಹಾಗೆ ಮಲಗಿದಲ್ಲೇ ಬಿಟ್ಟು 108ಕ್ಕೆ ಫೋನ್. ಆ ಹುಡುಗನನ್ನು ನಾವು ಗಾಬರಿಯಲ್ಲಿ ಕೈಕಾಲು ಹಿಡಿದು ಎತ್ತಿದ್ವಿ.

ಮನೆಮಗಳು: ಮೇಸ್ತ್ರಿಯವರೇ, ನೀವು ಬರೆದದ್ದನ್ನು ಮಾವನಿಗೆ ಓದಿ ಹೇಳಿದೆ. 'ನಿನ್ನ ಗಂಡ ಹುಟ್ಟೋ ಮೊದಲಿಂದ ಮಾಡು ಹತ್ತಿದ್ದೀನಿ' ಅಂದ್ರು. ನಾಳೆ ಬೆಳಗ್ಗೆಯೇ ಹತ್ತುವ ಲೆಕ್ಕದಲ್ಲಿದ್ದಾರೆ.

ಮೇಸ್ತ್ರಿ: ಅವರ ಕೈಕೆಲಸದ ಮೇಲೆ ನನಗೆ ಅನುಮಾನ ಇಲ್ಲ ಅನ್ನಿ. ಶೀಟಿನ ಮೇಲೆ ಅನುಮಾನ. ಶನಿವಾರ ಕೊಪ್ಪದ ಕಡೆ ಕೆಲಸ ಇದೆ, ಹಲಗೆ, ಹಗ್ಗ ತಗೊಂಡು ಇಬ್ಬರು ಬರ್ತೀವಿ. ಕೆಳಗೆ ನಿಂತು ಎಲ್ಲಿ ಸೋರುತ್ತೆ ಅಂತ ಅವರೇ ತೋರಿಸಲಿ, ಅದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ. ಅಲ್ಲಿವರೆಗೆ ಏಣಿ ತೆಗೆದಿಡಿ. ದಾರಿ, ಫೋನ್ ನಂಬರ್ ನನಗೆ ಬೇರೆ ಕಳಿಸಿ, ಇಲ್ಲಿ ಹಾಕಬೇಡಿ.

ಕಡೂರು ಕಾಯಿ: ಶನಿವಾರ ನಮ್ಮ ಕಡೆಗೂ ಬರ್ತೀರಾ?

ಮಳೆಹನಿ: ಸೋಲಾರ್ ಬಗ್ಗೆ ಹೇಳಲೇ ಇಲ್ಲ.

ಮನೆಮಗಳು: ಏಣಿಯನ್ನು ಪಕ್ಕದ ಮನೆಗೆ ಕೊಟ್ಟು ಬಂದೆ. ಮಾವ ಊಟಕ್ಕೆ ಬಂದ್ರು, ಮಾತಾಡಲಿಲ್ಲ. ಶನಿವಾರ ಎಷ್ಟು ಹೊತ್ತಿಗೆ ಬರ್ತೀರಿ ಹೇಳಿ, ತಿಂಡಿ ಮಾಡಿಟ್ಟಿರ್ತೀನಿ.